ಮುಂಬಯಿಯ ಮಳೆಯ ನಡುವೆ ಹಳೇ ಪದ್ಮಿನಿಯನ್ನು ಮನೆಯಲ್ಲೇ ಎಬ್ಬಿಸುವುದು ಹೇಗೆ

ದೊಡ್ಡಪ್ಪನ ಕಾರು ಮುಲುಂಡಿನ ನಮ್ಮ ಬಿಲ್ಡಿಂಗಿನ ಹಿಂದಿನ ಗೋಡೆ ಪಕ್ಕ ಹನ್ನೊಂದು ವರ್ಷ ನಿಂತಿತ್ತು. 1986ರ ಪ್ರೀಮಿಯರ್ ಪದ್ಮಿನಿ, ಬಿಳಿ ಬಣ್ಣ. ನೀಲಿ ತಾಡಪಾಲು ಹೊದಿಸಿ ಹಗ್ಗ ಬಿಗಿದು, "ಇದಕ್ಕೇನೂ ಆಗೂದಿಲ್ಲ ತಮಾ" ಅಂದಿದ್ದರು. ಅವರು ತೀರಿಕೊಂಡ ಮೇಲೆ, 2022ರ ನವೆಂಬರಿನಲ್ಲಿ ನಾನು ಆ ತಾಡಪಾಲು ತೆಗೆದೆ. ಮೇಲಿನ ಬಣ್ಣ ಪರವಾಗಿಲ್ಲ ಅನ್ನುವ ಹಾಗಿತ್ತು. ಆಮೇಲೆ ಡ್ರೈವರ್ ಸೀಟಿನ ಮುಂದಿನ ರಬ್ಬರ್ ಮ್ಯಾಟ್ ಎತ್ತಿದೆ. ಕೆಳಗಿನ ಸೆಣಬಿನ ಹಾಸು ಹಿಂಡಿದರೆ ನೀರು ಬರುವಷ್ಟು ಒದ್ದೆ. ಸ್ಕ್ರೂಡ್ರೈವರ್ ಒತ್ತಿದೆ. ಮೆತ್ತಗಾದ ಹಪ್ಪಳಕ್ಕೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಆ ತೂತಿನಲ್ಲಿ ಕಾಂಪೌಂಡಿನ ಸಿಮೆಂಟು ಕಾಣುತ್ತಿತ್ತು.

ಗಾಡಿ ರಸ್ತೆಗೆ ಇಳಿದದ್ದು 2025ರ ಫೆಬ್ರವರಿಯಲ್ಲಿ. ನಡುವೆ ಮುಗಿಸಿದ ಕೆಲಸವನ್ನೇ ಮತ್ತೆ ಬಿಚ್ಚಿ ಮಾಡಿದ್ದು ಹಲವು ಸಲ. ಅದರಲ್ಲಿ ದೊಡ್ಡ ಪೆಟ್ಟುಗಳೆರಡೂ ಮಳೆಗಾಲದಿಂದ ಬಂದವು. ಹಳೇ ಕಾರಿನ ಬಗ್ಗೆ ಓದಿದ ಕಡೆಯಲ್ಲೆಲ್ಲ ಮೊದಲು ಇದು, ಆಮೇಲೆ ಅದು ಅಂತ ಕ್ರಮ ಇರುತ್ತದೆ. ಯಾವ ತಿಂಗಳಲ್ಲಿ ಅಂತ ಇರುವುದಿಲ್ಲ. ಮುಂಬಯಿಯಲ್ಲಿ, ಗೋವಾದಲ್ಲಿ, ನಮ್ಮ ಕರಾವಳಿಯಲ್ಲಿ ಈ ಕೆಲಸ ಮಾಡುವವರಿಗೆ ತಿಂಗಳೇ ಮುಖ್ಯ. ಹಾಗಾಗಿ ಇಲ್ಲಿ ಕ್ರಮವನ್ನೂ ಕ್ಯಾಲೆಂಡರನ್ನೂ ಜೊತೆಗೇ ಹೇಳುತ್ತೇನೆ.

ಸ್ಪ್ಯಾನರ್ ಹಿಡಿಯುವ ಮೊದಲು ಕಾಗದ

ಆರ್‌ಸಿ ಪುಸ್ತಕ ತೆಗೆದು ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಗಾಡಿಯ ಮೇಲಿರುವುದಕ್ಕೆ ಹೋಲಿಸಿ ನೋಡಿ. ಅಂಕಿಗಳ ಮೇಲೆ ತುಕ್ಕು ಕೂತಿದ್ದರೆ ಬ್ರಷ್ ಹಾಕಿ ಉಜ್ಜಬೇಡಿ. ಡೀಸೆಲ್ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಆರ್‌ಟಿಒದಲ್ಲೂ ಇದನ್ನೇ ಕೇಳುತ್ತಾರೆ. ನಂಬರ್ ಹೊಂದದಿದ್ದರೆ ಅಲ್ಲೇ ನಿಲ್ಲಿಸಿ, ಅದನ್ನು ಬಗೆಹರಿಸಿಯೇ ಮುಂದೆ ಹೋಗಿ.

ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ವರ್ಗಾಯಿಸಲು ಫಾರ್ಮ್ 31. ಮನೆಯ ಉಳಿದವರ ಒಪ್ಪಿಗೆ ಪತ್ರವೂ ಬೇಕಾಗುತ್ತದೆ. ನಮ್ಮಲ್ಲಿ ದೊಡ್ಡಮ್ಮ ಹೊನ್ನಾವರದಲ್ಲಿದ್ದಾರೆ, ಅಣ್ಣ ಹುಬ್ಬಳ್ಳಿಯಲ್ಲಿ. ಸಹಿಗಳಿಗೇ ಎರಡು ತಿಂಗಳು ಹೋಯಿತು. ಖಾಸಗಿ ಕಾರಿನ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ, ಅದಕ್ಕೆ ಫಾರ್ಮ್ 25. ನವೀಕರಣಕ್ಕೆ ಗಾಡಿಯನ್ನೇ ತೋರಿಸಬೇಕು, ಆದ್ದರಿಂದ ಅದು ಕೊನೆಗೆ. ಅವಧಿ ದಾಟಿದ್ದರೆ ದಂಡ ಸೇರುತ್ತದೆ, ಮಹಾರಾಷ್ಟ್ರದಲ್ಲಿ ಪರಿಸರ ತೆರಿಗೆಯೂ ಇದೆ. ಹೆಸರು ವರ್ಗಾವಣೆ ಮಾತ್ರ ಮೊದಲೇ ಮುಗಿಸಿ. ಇನ್ನೊಬ್ಬರ ಹೆಸರಿನ ಗಾಡಿಗೆ ದುಡ್ಡು ಸುರಿಯಬಾರದು.

ನಿಮ್ಮ ಗಾಡಿಗೆ 50 ವರ್ಷ ದಾಟಿದ್ದರೆ ಬೇರೆ ದಾರಿ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ. ಮೊದಲ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ, ಆಮೇಲೆ ಮತ್ತೆ ಮಾಡಿಸಲು 5,000. ಆದರೆ ಆ ನಂಬರಿನಲ್ಲಿ ದಿನಾ ಆಫೀಸಿಗೆ ಹೋಗುವ ಹಾಗಿಲ್ಲ. ರ್‍ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಇಂಥದಕ್ಕೆ ಮಾತ್ರ. ಚಾಸಿ, ಬಾಡಿ, ಎಂಜಿನ್ ಮೂಲದಿಂದ ಹೆಚ್ಚು ಬದಲಾಗಿರಲೂ ಬಾರದು. ಕತ್ತರಿಸುವ ಮೊದಲೇ ಇದನ್ನು ಯೋಚಿಸಿ.

ಯಾವ ತಿಂಗಳು ಯಾವ ಕೆಲಸ

ಮುಂಬಯಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11. ಹೊರಡುವುದು ಅಕ್ಟೋಬರ್ 8ರ ಸುಮಾರಿಗೆ. ಈ ನಾಲ್ಕು ತಿಂಗಳಲ್ಲಿ ಎರಡು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಆ ದಿನಗಳಲ್ಲಿ ಉಜ್ಜಿ ಹೊಳೆಯುವ ಹಾಗೆ ಮಾಡಿದ ತಗಡು ಮರುದಿನ ಬೆಳಿಗ್ಗೆಗೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಮಳೆ ತಾಗಬೇಕೆಂದೇ ಇಲ್ಲ, ಗಾಳಿಯ ಪಸೆಯೇ ಸಾಕು.

ನಾನು ಈಗ ಪಾಲಿಸುವ ಲೆಕ್ಕ ಇದು. ಅಕ್ಟೋಬರ್ ನಡುವಿನಿಂದ ಏಪ್ರಿಲ್ ಕೊನೆವರೆಗೆ ತಗಡಿನ ಕೆಲಸ, ವೆಲ್ಡಿಂಗ್, ಬಣ್ಣ. ಮೇ ತಿಂಗಳು ಮುಚ್ಚುವ ತಿಂಗಳು. ಹೊಸದೇನನ್ನೂ ಕತ್ತರಿಸುವುದಿಲ್ಲ, ತೆರೆದ ಜಾಗಕ್ಕೆಲ್ಲ ಪ್ರೈಮರ್, ಸೀಲರ್, ಮೇಣ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೇಜಿನ ಮೇಲಿನ ಕೆಲಸ: ಎಂಜಿನ್, ಕಾರ್ಬ್ಯುರೇಟರ್, ಬ್ರೇಕ್ ಸಿಲಿಂಡರ್, ಡೈನಮೋ, ಸೀಟಿನ ಹೊಲಿಗೆ. ಇದನ್ನು ಮೊದಲ ದಿನವೇ ಯಾರಾದರೂ ಹೇಳಿದ್ದರೆ ನನಗೆ ಕನಿಷ್ಠ ಒಂದು ವರ್ಷ ಉಳಿಯುತ್ತಿತ್ತು.

ತಾಡಪಾಲಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಹೊದಿಸಿದರೆ ನೆಲದ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಬಿಸಿಲಿಗೆ ಆವಿ, ರಾತ್ರಿ ಹನಿ. ಮೇಲೆ ಶೀಟಿನ ಮಾಡು ಇದ್ದು ನಾಲ್ಕು ಕಡೆ ಗಾಳಿ ಆಡಿದರೆ ಬರೀ ಹತ್ತಿ ಬಟ್ಟೆಯ ಕವರ್ ಸಾಕು.

ಜಾಗ

ಮುಂಬಯಿಯಲ್ಲಿ 'ಮನೆ' ಅಂದರೆ ಬಿಲ್ಡಿಂಗ್ ಕೆಳಗಿನ ಪಾರ್ಕಿಂಗ್. ಸೊಸೈಟಿಗೆ ಬರೆದು ಕೊಟ್ಟು ಒಪ್ಪಿಗೆ ತಗೊಳ್ಳಿ. ಯಾವ ಹೊತ್ತಿಗೆ ಗ್ರೈಂಡರ್ ಓಡುತ್ತದೆ, ಎಷ್ಟು ದಿನ, ಎಣ್ಣೆ ಎಲ್ಲಿ ಹಾಕುತ್ತೀರಿ, ಎಲ್ಲ ಅದರಲ್ಲಿ ಇರಲಿ. ವೆಲ್ಡಿಂಗ್ ಮತ್ತು ಬಣ್ಣ ಪಾರ್ಕಿಂಗಿನಲ್ಲಿ ಬೇಡವೇ ಬೇಡ. ಪಕ್ಕದಲ್ಲಿ ಮೀಟರ್ ರೂಮ್ ಇರುತ್ತದೆ, ಸ್ಕೂಟರುಗಳ ಪೆಟ್ರೋಲ್ ಇರುತ್ತದೆ, ಮಕ್ಕಳು ಆಡುತ್ತಿರುತ್ತಾರೆ. ನಾನು ಆ ಎರಡು ಕೆಲಸಕ್ಕೆ ಭಾಂಡುಪಿನಲ್ಲಿ ಒಬ್ಬ ಡೆಂಟರ್‌ನ ಗಾಲಾದಲ್ಲಿ, ಅಂದರೆ ಸಣ್ಣ ವರ್ಕ್‌ಶಾಪಿನಲ್ಲಿ, ತಿಂಗಳ ಬಾಡಿಗೆಗೆ ಒಂದು ಮೂಲೆ ಹಿಡಿದೆ. ನಮ್ಮೂರಲ್ಲಿ ಟಿಂಕರಿಂಗ್ ಅನ್ನುವುದನ್ನು ಇಲ್ಲಿ ಡೆಂಟಿಂಗ್ ಅನ್ನುತ್ತಾರೆ.

ಗಾಡಿ ಎತ್ತಿದ ಮೇಲೆ ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬಾರದು. ನಾಲ್ಕು ಸ್ಟ್ಯಾಂಡ್ ಬೇಕು. ಸಿಮೆಂಟಿನ ಟೊಳ್ಳು ಇಟ್ಟಿಗೆ ಒಂದೇ ಏಟಿಗೆ ಪುಡಿಯಾಗುತ್ತದೆ. ಪುಡಿ ಮಾದರಿಯ ಬೆಂಕಿ ಆರಿಸುವ ಸಿಲಿಂಡರ್ ಒಂದು ಕೈಗೆ ಸಿಗುವ ಹಾಗಿರಲಿ.

ಬಿಚ್ಚುವ ಕಲೆ

ಮೊದಲ ವಾರದ ಉತ್ಸಾಹದಲ್ಲಿ ನಾನು ಸೀಟು, ಬಾಗಿಲ ಒಳಹಾಳೆ, ಡ್ಯಾಶ್‌ಬೋರ್ಡ್ ಎಲ್ಲ ಬಿಚ್ಚಿ, ಸ್ಕ್ರೂಗಳನ್ನು ಒಂದೇ ಬಕೆಟಿಗೆ ಹಾಕಿದೆ. ಒಂದೂವರೆ ವರ್ಷದ ನಂತರ ಜೋಡಿಸಲು ಕೂತಾಗ ಒಂದೊಂದು ಸ್ಕ್ರೂ ಹುಡುಕಲು ಒಂದೊಂದು ಸಂಜೆ ಹೋಯಿತು. ಎಂಜಿನ್ ಭಾಗಕ್ಕೆ ಬರುವಷ್ಟರಲ್ಲಿ ಬುದ್ಧಿ ಬಂದಿತ್ತು. ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ, ಒಂದೊಂದರಲ್ಲಿ ಒಂದೊಂದು ಭಾಗದ ನಟ್ಟು ಬೋಲ್ಟು ಹಾಕಿ, ಮಾರ್ಕರಿನಲ್ಲಿ 'ರೇಡಿಯೇಟರ್ ಎಡ, ಮೇಲೆ 2' ಅಂತ ಬರೆದೆ. ಬಿಚ್ಚುವ ಮೊದಲು, ಬಿಚ್ಚುವಾಗ, ಬಿಚ್ಚಿದ ಮೇಲೆ ಮೂರು ಫೋಟೋ. ವೈರು, ವಾಷರ್, ಸ್ಪ್ರಿಂಗ್ ಯಾವ ಕಡೆ ಮುಖ ಮಾಡಿತ್ತು ಅನ್ನುವುದು ಫೋಟೋದಲ್ಲಿ ಕಾಣಬೇಕು.

ಒಂದು ಭಾಗ ಮುಗಿಸಿ ಇನ್ನೊಂದು ಬಿಚ್ಚಿ. ಇಡೀ ಗಾಡಿ ಒಮ್ಮೆಗೇ ಬಿಚ್ಚಿಟ್ಟು ಕೈಬಿಟ್ಟವರು ಬಹಳ ಜನ. ಕೊನೆಗೆ ಅವು ತೂಕದ ಲೆಕ್ಕದಲ್ಲಿ ಭಂಗಾರಿಗೆ, ಅಂದರೆ ಗುಜರಿಗೆ, ಹೋಗುತ್ತವೆ.

ತುಕ್ಕು

ಇದೇ ಅಸಲು ಕೆಲಸ. ಪದ್ಮಿನಿಗೆ ಬೇರೆ ಚಾಸಿ ಚೌಕಟ್ಟು ಇಲ್ಲ, ಬಾಡಿಯೇ ಚಾಸಿ. ಎಂಜಿನ್ ಸತ್ತರೆ ಬೇರೆ ತರಬಹುದು, ತಗಡು ಸತ್ತರೆ ಗಾಡಿಯೇ ಸತ್ತ ಹಾಗೆ.

ಹುಡುಕುವುದು ಮೂರು ಬಗೆಯಲ್ಲಿ. ಒಂದು, ಫ್ರಿಜ್ ಮೇಲೆ ಅಂಟಿಸುವಂಥ ಅಯಸ್ಕಾಂತ. ಅದು ಹಿಡಿಯದ ಕಡೆ ಕೆಳಗೆ ಪುಟ್ಟಿ ದಪ್ಪಗಿದೆ. ಎರಡು, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುವುದು. ಒಳ್ಳೆ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ಟಪ್ ಅನ್ನುತ್ತದೆ. ಮೂರು, ಅದೇ ಸ್ಕ್ರೂಡ್ರೈವರಿನ ಮೊನೆ. ಪದ್ಮಿನಿಯಲ್ಲಿ ನೋಡಬೇಕಾದ ಕಡೆಗಳು: ಮುಂದಿನ ಕಾಲಿಡುವ ನೆಲ, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಸಿಲ್, ಜ್ಯಾಕ್ ಹಾಕುವ ಜಾಗ, ಬಾಗಿಲುಗಳ ತಳ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಹಿಂದಿನ ಸ್ಪ್ರಿಂಗ್ ಪಟ್ಟಿ ಬಾಡಿಗೆ ಸೇರುವ ಜಾಗ. ಕೊನೆಯದು ಕೊಳೆತಿದ್ದರೆ ಗಾಡಿ ಓಡಿಸಲೇಬಾರದು.

ತೂತು ಮುಚ್ಚುವ ಮೊದಲು ನೀರು ಎಲ್ಲಿಂದ ಬಂತು ಅಂತ ಹುಡುಕಿ. ನನ್ನ ಗಾಡಿಯಲ್ಲಿ ಮುಂದಿನ ಗಾಜಿನ ರಬ್ಬರ್ ಒಣಗಿ ಮೂಲೆಯಲ್ಲಿ ಬಿರುಕು ಬಿಟ್ಟಿತ್ತು. ನೀರು ಡ್ಯಾಶ್‌ಬೋರ್ಡ್ ಹಿಂದಿನಿಂದ ಇಳಿದು ಮ್ಯಾಟ್ ಕೆಳಗೆ ಸೇರುತ್ತಿತ್ತು. ಬಾಗಿಲ ತಳದಲ್ಲಿ ನೀರು ಹೋಗಲು ಬಿಟ್ಟ ಸಣ್ಣ ಕಿಂಡಿಗಳು ಮಣ್ಣಿನಿಂದ ಕಟ್ಟಿಕೊಂಡಿದ್ದವು. ಒಂದು ಸೈಕಲ್ ಕಡ್ಡಿ ಹಾಕಿದರೆ ತೆರೆಯುವಂಥದ್ದು. ಅಷ್ಟಕ್ಕೇ ನಾಲ್ಕೂ ಬಾಗಿಲ ತಳ ಹೋಗಿತ್ತು.

ಇನ್ನು ಕತ್ತರಿಸುವುದು. ಕೊಳೆತದ್ದರ ಅಂಚಿಗಲ್ಲ, ಟಣ್ ಅನ್ನುವ ಒಳ್ಳೆ ತಗಡು ಸಿಗುವ ತನಕ ಕತ್ತರಿಸಿ. ರಟ್ಟಿನಲ್ಲಿ ಮಾದರಿ ಕತ್ತರಿಸಿ ಕೂರಿಸಿ ನೋಡಿ, ಆಮೇಲೆ ತಗಡಿಗೆ ಗೆರೆ ಹಾಕಿ. ನೆಲಕ್ಕೆ ನಾನು 18 ಗೇಜ್, ಅಂದರೆ 1.2 ಮಿಲಿಮೀಟರಿನ ಸಿಆರ್‌ಸಿ (ತಣ್ಣಗೆ ಉರುಳಿಸಿ ಮಾಡಿದ ಉಕ್ಕಿನ) ಶೀಟು ಬಳಸಿದೆ. ಬಾಗಿಲ ಹೊರಮೈಗೆ 20 ಗೇಜ್. ವೆಲ್ಡಿಂಗಿಗೆ ಮಿಗ್, ಅಂದರೆ ತಂತಿ ತಾನೇ ಬರುವ ಕರೆಂಟಿನ ವೆಲ್ಡಿಂಗ್, ಒಳ್ಳೆಯದು. ಗ್ಯಾಸ್ ವೆಲ್ಡಿಂಗಿನ ಶಾಖ ಜಾಸ್ತಿ, ಹೊರಮೈ ತಗಡು ಅಲೆಯಲೆಯಾಗಿ ಸೊಟ್ಟಗಾಗುತ್ತದೆ. ಮಿಗ್‌ನಲ್ಲೂ ಉದ್ದಕ್ಕೆ ಎಳೆಯಬೇಡಿ. ಎರಡು ಮೂರು ಸೆಂಟಿಮೀಟರಿಗೆ ಒಂದು ಚುಕ್ಕೆ, ಮೊದಲು ನಾಲ್ಕು ಮೂಲೆ, ಆಮೇಲೆ ಎದುರು ಬದುರು. ಕೈ ಇಡಲು ಆಗುವಷ್ಟು ತಣಿದ ಮೇಲೆ ಮುಂದಿನದು. ಬ್ಯಾಟರಿ ವೈರು ಕಳಚಿರಬೇಕು. ಪೆಟ್ರೋಲ್ ಟ್ಯಾಂಕು ಗಾಡಿಯಿಂದಲೇ ಹೊರಗಿರಬೇಕು. ಖಾಲಿ ಟ್ಯಾಂಕು ತುಂಬಿದ್ದಕ್ಕಿಂತ ಅಪಾಯ, ಯಾಕೆಂದರೆ ಒಳಗಿರುವುದು ಪೆಟ್ರೋಲಿನ ಆವಿ.

ನನಗೆ ಮೊದಲ ಪೆಟ್ಟು ಬಿದ್ದದ್ದು ಇಲ್ಲಿ. 2023ರ ಮೇ ಕೊನೆಗೆ ನೆಲದ ವೆಲ್ಡಿಂಗ್ ಮುಗಿಯಿತು. ಮಳೆ ಹತ್ತಿರ ಬಂತು ಅಂತ ಅವಸರದಲ್ಲಿ ಮಾಮೂಲಿ ಬೂದು ಪ್ರೈಮರ್ ಒಂದು ಕೈ ಹೊಡೆದು ಬಿಟ್ಟೆ. ಸೆಪ್ಟೆಂಬರಿನಲ್ಲಿ ನೋಡಿದರೆ ಬೂದು ಬಣ್ಣದ ಮೇಲೆಲ್ಲ ಕಂದು ಚುಕ್ಕೆ. ಆ ಬಗೆಯ ಪ್ರೈಮರ್ ಉಜ್ಜಿ ನುಣುಪು ಮಾಡಲಿಕ್ಕೆ ಇರುವುದು, ಅದು ತೇವ ಹೀರುತ್ತದೆ. ತೇವ ತಡೆಯುವುದು ಎರಡು ಭಾಗ ಬೆರೆಸುವ ಎಪಾಕ್ಸಿ ಪ್ರೈಮರ್. ಬರಿ ತಗಡಿಗೆ ಎಪಾಕ್ಸಿ, ಕೆಳಗಿನಿಂದಲೂ ಮೇಲಿನಿಂದಲೂ. ಅದರ ಮೇಲೆ ಜೋಡಣೆಗಳಿಗೆ ಸೀಮ್ ಸೀಲರ್. ಅದರ ಮೇಲೆ ಕೆಳಮೈಗೆ ಅಂಡರ್‌ಬಾಡಿ ಕೋಟಿಂಗ್. ಸಿಲ್ ಒಳಗಿನ ಟೊಳ್ಳಿಗೆ ಉದ್ದ ನಳಿಗೆ ಹಾಕಿ ಮೇಣ ಸಿಂಪಡಿಸಬೇಕು, ಬಣ್ಣದ ಕೆಲಸವೆಲ್ಲ ಮುಗಿದ ಮೇಲೆ. ನಾನು ಇಡೀ ನೆಲ ಮತ್ತೆ ಉಜ್ಜಿ ಇದೇ ಕ್ರಮದಲ್ಲಿ ಮಾಡಿದೆ. ಈಗ ಎರಡು ಮಳೆಗಾಲ ಕಳೆದಿದೆ, ನೆಲದಲ್ಲಿ ಒಂದು ಚುಕ್ಕೆಯೂ ಇಲ್ಲ.

ಇನ್ನೊಂದು ಪೆಟ್ಟು ಸಿಲ್‌ನದು, ಇದು ಮಳೆಯಿಂದ ಬಂದದ್ದಲ್ಲ. ಬಾಡಿಯೇ ಚಾಸಿ ಅಂದೆನಲ್ಲ, ಸಿಲ್ ಕತ್ತರಿಸಿದರೆ ಗಾಡಿಯ ನಡು ಕುಸಿಯುತ್ತದೆ. ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿನೊಳಗೆ ಅಡ್ಡಕ್ಕೆ ಕಬ್ಬಿಣದ ಪೈಪು ಕೊಟ್ಟು ಬಿಗಿಯಬೇಕು. ನಾನು ಎಡಗಡೆಯದಕ್ಕೆ ಕೊಡಲಿಲ್ಲ. ಹೊಸ ಸಿಲ್ ಹಾಕಿ ಬಾಗಿಲು ತೂಗಿದರೆ ಹಿಂದಿನ ಬಾಗಿಲ ಕೊಂಡಿ ಆರು ಮಿಲಿಮೀಟರ್ ಕೆಳಗೆ ಬಂದು ನಿಂತಿತು. ವೆಲ್ಡಿಂಗ್ ಕತ್ತರಿಸಿ, ಕೆಳಗಿನಿಂದ ಜ್ಯಾಕ್ ಕೊಟ್ಟು ಮೆಲ್ಲಗೆ ಎತ್ತಿ, ಪೈಪು ಬಿಗಿದು, ಬಾಗಿಲು ಹಾಕಿ ತೆಗೆದು ನೋಡುತ್ತ ಮತ್ತೆ ವೆಲ್ಡ್ ಮಾಡಿದೆವು. ಒಂದು ತಿಂಗಳ ಕೆಲಸ. ಬಲಗಡೆ ಪೈಪು ಕೊಟ್ಟೇ ಕತ್ತರಿಸಿದೆವು, ನಾಲ್ಕು ದಿನದಲ್ಲಿ ಮುಗಿಯಿತು.

ಎಂಜಿನಿಗೂ ಮೊದಲು ಬ್ರೇಕ್

ಎಂಜಿನ್ ಶುರುವಾದ ದಿನ ಗಾಡಿ ಓಡಿಸದೆ ಇರಲು ಯಾರಿಗೂ ಆಗುವುದಿಲ್ಲ. ಅದಕ್ಕೇ ಬ್ರೇಕ್ ಮೊದಲು ಮುಗಿದಿರಬೇಕು. ಪದ್ಮಿನಿಯಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ನಿಂತ ಗಾಡಿಯಲ್ಲಿ ವೀಲ್ ಸಿಲಿಂಡರುಗಳು ಕಚ್ಚಿಕೊಂಡಿರುತ್ತವೆ, ರಬ್ಬರ್ ವಾಷರುಗಳು ಕಲ್ಲಾಗಿರುತ್ತವೆ. ಮಾಸ್ಟರ್ ಸಿಲಿಂಡರ್ ಕಿಟ್, ನಾಲ್ಕೂ ಚಕ್ರದ ಕಿಟ್, ರಬ್ಬರ್ ಹೋಸ್ ಎಲ್ಲ ಹೊಸದೇ ಹಾಕಿ. ಇಲ್ಲಿ ದುಡ್ಡು ಉಳಿಸುವ ಯೋಚನೆ ಬೇಡ. ಸಿಲಿಂಡರ್ ಒಳಗೆ ಉಗುರಿಗೆ ಸಿಗುವ ಗೀರು ಇದ್ದರೆ ಅದನ್ನೂ ಬದಲಿಸಿ. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆ ಎಸೆಯಿರಿ. ರಬ್ಬರಿಗೆ ಎಂಜಿನ್ ಆಯಿಲ್, ಗ್ರೀಸ್ ತಾಗಿಸಬೇಡಿ, ಉಬ್ಬಿಹೋಗುತ್ತದೆ. ಬ್ರೇಕ್ ಆಯಿಲಿನಲ್ಲೇ ಅದ್ದಿ ಕೂರಿಸಿ. ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು ಮಾಡಿ.

ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ. ನನ್ನ ಬಾಟಲಿಯಿಂದ ಬಿದ್ದ ನಾಲ್ಕು ಹನಿ ಬಾನೆಟ್ ಕೆಳಗಿನ ಹೊಸ ಬಣ್ಣವನ್ನು ಹತ್ತು ನಿಮಿಷದಲ್ಲಿ ಸುಕ್ಕುಗಟ್ಟಿಸಿತು. ಬಿದ್ದ ಕೂಡಲೇ ನೀರು ಸುರಿದರೆ ಉಳಿಯುತ್ತದೆ.

ಎಂಜಿನ್

1089 ಸಿಸಿ, ನಾಲ್ಕು ಸಿಲಿಂಡರ್, ಬೋರ್ 68 ಮಿಲಿಮೀಟರ್, ಸ್ಟ್ರೋಕ್ 75. ಸರಳ ಎಂಜಿನ್. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಸಿಗಲಾರದು.

ವರ್ಷಗಟ್ಟಲೆ ನಿಂತ ಎಂಜಿನಿಗೆ ಸೆಲ್ಫ್ ಹೊಡೆಯಬೇಡಿ. ರಿಂಗುಗಳು ಬೋರಿಗೆ ಕಚ್ಚಿದ್ದರೆ ಮುರಿಯುತ್ತವೆ. ಪ್ಲಗ್ ನಾಲ್ಕೂ ತೆಗೆದು ಒಂದೊಂದು ಸಿಲಿಂಡರಿಗೆ ಎರಡು ಮೂರು ಚಮಚ ಡೀಸೆಲ್ ಮತ್ತು ಗೇರ್ ಆಯಿಲ್ ಬೆರೆಸಿ ಬಿಡಿ. ಒಂದು ವಾರ ಬಿಡಿ. ಆಮೇಲೆ ಟಾಪ್ ಗೇರಿಗೆ ಹಾಕಿ ಗಾಡಿಯನ್ನೇ ಹಿಂದೆ ಮುಂದೆ ತೂಗಿ. ನನ್ನದು ಒಂಬತ್ತನೆಯ ದಿನ ಅಲುಗಾಡಿತು. ಕಟ್ ಅಂತ ಸಣ್ಣ ಸದ್ದು, ಆಮೇಲೆ ಫ್ಯಾನು ಎರಡು ಬೆರಳು ತಿರುಗಿತು. ಅವತ್ತು ರಾತ್ರಿ ದೊಡ್ಡಮ್ಮನಿಗೆ ಫೋನ್ ಮಾಡಿ ಹೇಳಿದೆ.

ತಿರುಗಿದ ಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಏಳುವ ಒತ್ತಡ, ಗೇಜ್ ಹಾಕಿ ನೋಡಿ. ಅಂಕಿ ಎಷ್ಟು ಅನ್ನುವುದಕ್ಕಿಂತ ನಾಲ್ಕರ ನಡುವೆ ಎಷ್ಟು ವ್ಯತ್ಯಾಸ ಅನ್ನುವುದು ಮುಖ್ಯ. ನನ್ನದರಲ್ಲಿ ಮೂರು ಸಿಲಿಂಡರ್ 110 ಪಿಎಸ್‌ಐ ಸುಮಾರು, ಎರಡನೆಯದು 70. ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಬೇಕು. ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್. ಏರಲಿಲ್ಲ. ಹೆಡ್ ಬಿಚ್ಚಿದೆ. ಬಿಚ್ಚುವಾಗ ಸೈಲೆನ್ಸರ್ ಕಡೆಯ ಮ್ಯಾನಿಫೋಲ್ಡಿನ ಒಂದು ಸ್ಟಡ್ ಮುರಿಯಿತು. ತುಕ್ಕು ಹಿಡಿದ ನಟ್ಟಿಗೆ ಎಣ್ಣೆ ಬಿಟ್ಟು ಒಂದು ರಾತ್ರಿಯಾದರೂ ಕಾಯಬೇಕು, ಬಿಸಿ ಮಾಡಬೇಕು, ಬಿಚ್ಚುವ ಮೊದಲು ಸ್ವಲ್ಪ ಬಿಗಿಸುವ ಕಡೆಗೆ ತಿರುಗಿಸಿ ಸಡಿಲ ಮಾಡಬೇಕು. ನಾನು ಉದ್ದ ಪೈಪು ಹಾಕಿ ಎಳೆದೆ. ಹೆಡ್ ಹೇಗೂ ಲೇತ್ ಅಂಗಡಿಗೆ ಹೋಗಬೇಕಿತ್ತು, ಅಲ್ಲೇ ಕೊರೆದು ಹೊಸದು ಕೂರಿಸಿದರು. ವಾಲ್ವುಗಳನ್ನು ನಾನೇ ಪೇಸ್ಟ್ ಹಾಕಿ ಉಜ್ಜಿದೆ. ಸುತ್ತಲೂ ಒಂದೇ ಅಗಲದ ಬೂದು ಉಂಗುರ ಕಂಡರೆ ಆಯಿತು.

ಜೋಡಿಸಿದ ಮೇಲೆ ಪ್ಲಗ್ ಇಲ್ಲದೆ ಸೆಲ್ಫ್ ತಿರುಗಿಸಿ, ಆಯಿಲ್ ದೀಪ ಆರುವ ತನಕ. ಎಣ್ಣೆ ಮೇಲೆ ಹತ್ತಿದ ಮೇಲೇ ಪ್ಲಗ್ ಹಾಕಿ. ಫೈರಿಂಗ್ ಕ್ರಮ 1-3-4-2. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟಿನ ಸಂದು ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ, ಕಣ್ಣಳತೆ ಬೇಡ, ಫೀಲರ್ ಗೇಜ್ ಬಳಸಿ.

ಪೆಟ್ರೋಲ್ ಬರುವ ದಾರಿ

2024ರ ಏಪ್ರಿಲಿನಲ್ಲಿ ಪಕ್ಕದಲ್ಲಿ ತೂಗಿಸಿದ ಕ್ಯಾನಿನ ಪೆಟ್ರೋಲಿನಲ್ಲಿ ಎಂಜಿನ್ ಚೆನ್ನಾಗಿ ಓಡಿತು. ಮರುವಾರ ಗಾಡಿಯ ಟ್ಯಾಂಕಿಗೇ ಜೋಡಿಸಿದೆ. ಹತ್ತು ನಿಮಿಷ ಓಡಿ ನಿಂತಿತು. ಕಾರ್ಬ್ಯುರೇಟರ್ ಬಟ್ಟಲು ತೆಗೆದರೆ ತಳದಲ್ಲಿ ಕಾಫಿ ಚರಟದಂಥ ಕೆಸರು. ಟ್ಯಾಂಕಿನ ತುಕ್ಕು.

ಟ್ಯಾಂಕ್ ಬಿಚ್ಚಿ, ಹಳೇ ಪೆಟ್ರೋಲ್ ತೆಗೆದು, ಸೋಪು ನೀರಿನಲ್ಲಿ ತೊಳೆದು, ಒಂದು ಹಿಡಿ ಕಬ್ಬಿಣದ ಸರಪಳಿ ಹಾಕಿ ಕುಲುಕಬೇಕು. ಆಮೇಲೆ ಬಿಸಿನೀರಿನಲ್ಲಿ ನಿಂಬೆಉಪ್ಪು ಕರಗಿಸಿ ತುಂಬಿಸಿ ಒಂದು ದಿನ ಇಡಿ. ಅಡುಗೆ ಸೋಡಾ ನೀರಿನಿಂದ ತೊಳೆದು ಆ ಕ್ಷಣವೇ ಒಣಗಿಸಿ, ಒಳಗೆ ಸ್ವಲ್ಪ ಎಣ್ಣೆ ಆಡಿಸಿ. ಒಣಗಿಸಲು ಒಂದು ಗಂಟೆ ತಡವಾದರೂ ಮತ್ತೆ ತುಕ್ಕು ಕಾಣುತ್ತದೆ. ಇದನ್ನೂ ಮಳೆಗಾಲದಲ್ಲಿ ಮಾಡಬೇಡಿ.

ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇರುತ್ತದೆ. ಪದ್ಮಿನಿ ಕಾಲದ ರಬ್ಬರ್ ಅದಕ್ಕೆ ಮಾಡಿದ್ದಲ್ಲ. ಹೋಸು ಮೆತ್ತಗಾಗುತ್ತದೆ, ಪಂಪಿನ ಡಯಾಫ್ರಮ್ ಬಿರಿಯುತ್ತದೆ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಎಥನಾಲ್ ತಡೆಯುವ ಹೋಸ್ ಅಂತಲೇ ಕೇಳಿ ತಗೊಳ್ಳಿ. ತಿಂಗಳುಗಟ್ಟಲೆ ಪೆಟ್ರೋಲ್ ನಿಲ್ಲಿಸಿಡಬೇಡಿ.

ವೈರಿಂಗ್

ಇದಕ್ಕೆ ವಿಜಯಪುರದ ಕಡೆಯ ಒಬ್ಬ ಎಲೆಕ್ಟ್ರಿಷಿಯನ್ ಅಣ್ಣ ಸಿಕ್ಕಿದರು. ಬಣ್ಣವಾದ ಮೇಲೆ ನನ್ನ ಹೆಡ್‌ಲೈಟು ಮೊಂಬತ್ತಿಯ ಹಾಗೆ ಉರಿಯುತ್ತಿತ್ತು. ನಾನು ಹೊಸ ಬಲ್ಬು, ಹೊಸ ಸ್ವಿಚ್ಚು ತಂದಿದ್ದೆ. ಅವರು ಯಾವುದನ್ನೂ ಮುಟ್ಟಲಿಲ್ಲ. "ಬಲ್ಬ್ ಛಲೋ ಐತ್ರಿ ಸರ. ನೀವು ಅರ್ಥಿಂಗ್ ಮ್ಯಾಲೆ ಬಣ್ಣಾ ಹೊಡದೀರಿ" ಅಂದರು. ಅರ್ಥಿಂಗ್ ವೈರಿನ ಬೋಲ್ಟು ಬಿಚ್ಚಿ, ಕೆಳಗಿನ ಬಣ್ಣವನ್ನು ಒಂದು ರೂಪಾಯಿ ನಾಣ್ಯದಷ್ಟು ಅಗಲ ಕೆರೆದು, ವ್ಯಾಸಲಿನ್ ಸವರಿ ಮತ್ತೆ ಬಿಗಿದರು. ಬೆಳಕು ಎದುರಿನ ಗೋಡೆಗೆ ಹೊಡೆಯಿತು. ಈ ಗಾಡಿಯಲ್ಲಿ ಕರೆಂಟು ವಾಪಸು ಹೋಗುವುದು ಬಾಡಿಯ ಮೂಲಕ. ಬಣ್ಣದ ಮೊದಲೇ ಅರ್ಥಿಂಗ್ ಜಾಗಗಳಿಗೆಲ್ಲ ಟೇಪು ಹಚ್ಚಿ ಇಡಿ.

ಬಣ್ಣ, ಮತ್ತು ನನ್ನ ದೊಡ್ಡ ಸೋಲು

2024ರ ಮೇ ಕೊನೆಯ ವಾರ ಬಣ್ಣ ಹೊಡೆಸಿದೆ. ನಾನೇ ಮಾಡಿಕೊಂಡ ಕ್ಯಾಲೆಂಡರಿಗೆ ವಿರುದ್ಧವಾಗಿ. ಗಾಡಿ ಹಾಲಿನ ಹಾಗೆ ಹೊಳೆಯುತ್ತಿತ್ತು. ಆಗಸ್ಟಿನ ಒಂದು ಬೆಳಿಗ್ಗೆ ಬಲಗಡೆ ಮಡ್‌ಗಾರ್ಡಿನ ಮೇಲೆ ಕೈ ಆಡಿಸಿದೆ. ಬೆರಳಿಗೆ ಸಾಸಿವೆ ಕಾಳಿನಂಥ ಗುಳ್ಳೆಗಳು ತಾಗಿದವು. ಒಂದನ್ನು ಗುಂಡುಸೂಜಿಯಿಂದ ಚುಚ್ಚಿದೆ. ಒಂದು ಹನಿ ನೀರು ಹೊರಗೆ ಬಂತು.

ಆದದ್ದು ಇಷ್ಟು. ಪುಟ್ಟಿ ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ. ನಾವು ಅದನ್ನು ನೀರು ಹಾಕಿ ಉಜ್ಜಿದ್ದೆವು, ಮೇ ಸೆಕೆಯಲ್ಲಿ ಒಣಗಿತು ಅಂದುಕೊಂಡೆವು, ಎರಡೇ ದಿನದಲ್ಲಿ ಮೇಲೆ ಬಣ್ಣ ಬಂತು. ಒಳಗಿನ ನೀರಿಗೆ ದಾರಿ ಇರಲಿಲ್ಲ. ಪುಟ್ಟಿ ಕೂಡ ಕೆಲವು ಕಡೆ ಅರ್ಧ ಸೆಂಟಿಮೀಟರ್ ದಪ್ಪ ಇತ್ತು. ಅಕ್ಟೋಬರಿನಲ್ಲಿ ಎರಡೂ ಮಡ್‌ಗಾರ್ಡ್, ಮೂರು ಬಾಗಿಲು ತಗಡಿನ ತನಕ ಕೆರೆದು ಹಾಕಿದೆ. ಮೂರು ದಿನ ಆ ಕಡೆ ಹೋಗಲು ಮನಸ್ಸು ಬರಲಿಲ್ಲ. ಆಮೇಲೆ ಶುರು ಮಾಡಿದೆ.

ಸರಿಯಾದ ಕ್ರಮ: ತಗಡನ್ನು ಸುತ್ತಿಗೆಯಲ್ಲೇ ಆದಷ್ಟು ಸಮ ಮಾಡಿಸಿ. ಬರಿ ತಗಡಿಗೆ ಎಪಾಕ್ಸಿ. ಅದರ ಮೇಲೆ ಪುಟ್ಟಿ, 3 ಮಿಲಿಮೀಟರಿಗಿಂತ ಜಾಸ್ತಿ ಬೇಡ. 100 ಗ್ರಾಂ ಪುಟ್ಟಿಗೆ 2 ಗ್ರಾಂ ಹಾರ್ಡನರ್. ಬೇಗ ಗಟ್ಟಿಯಾಗಲಿ ಅಂತ ಜಾಸ್ತಿ ಹಾಕಿದರೆ ಆ ಕಲೆ ಮೇಲಿನ ಬಣ್ಣಕ್ಕೆ ಏರುತ್ತದೆ. ಪುಟ್ಟಿಯನ್ನು ಒಣ ಉಪ್ಪುಕಾಗದದಲ್ಲೇ ಉಜ್ಜಿ: 80, 180, 320. ಮತ್ತೆ ಎಪಾಕ್ಸಿ, ಮೇಲೆ ಸರ್ಫೇಸರ್, ಅಂದರೆ ಬಣ್ಣಕ್ಕೆ ಮೊದಲು ಮೈ ನುಣುಪು ಮಾಡುವ ಪ್ರೈಮರ್. ನೀರು ಹಾಕಿ ಉಜ್ಜುವುದು ಇದರ ಮೇಲೆ ಮಾತ್ರ. ಕೊನೆಯ ಬಣ್ಣ ಡಿಸೆಂಬರ್, ಜನವರಿಯ ಒಣ ಗಾಳಿಯಲ್ಲಿ. ಎರಡು ಭಾಗ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣವನ್ನು ಮನೆಯಲ್ಲಿ ಸಿಂಪಡಿಸಬೇಡಿ. ಅದರ ಹಾರ್ಡನರಿನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆ ಮಾಸ್ಕು ತಡೆಯುವುದಿಲ್ಲ. ಬಣ್ಣ ಸಿಂಪಡಿಸುವ ಬೂತ್ ಇರುವವರಿಗೆ ಕೊಡಿ. ಬಣ್ಣವೇ ಬದಲಿಸುವುದಾದರೆ ಆರ್‌ಸಿಯಲ್ಲೂ ಬದಲಾಗಬೇಕು. ನಾನು ದೊಡ್ಡಪ್ಪನ ಬಿಳಿಯನ್ನೇ ಇಟ್ಟುಕೊಂಡೆ.

ಬಿಡಿಭಾಗ ಎಲ್ಲಿ

ಪದ್ಮಿನಿ ಹುಟ್ಟಿದ್ದು ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ, ನಮ್ಮ ಮುಲುಂಡಿಗೆ ಬರುವ ಅದೇ ಎಲ್‌ಬಿಎಸ್ ರಸ್ತೆಯ ಮೇಲೆ. 1964ರಲ್ಲಿ ಫಿಯಟ್ 1100 ಡಿಲೈಟ್ ಆಗಿ ಶುರುವಾಗಿ 1974ರಲ್ಲಿ ಪದ್ಮಿನಿ ಅನ್ನುವ ಹೆಸರು ಪಡೆಯಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಈ ಕಪ್ಪು-ಹಳದಿ ಕಾಳಿ-ಪೀಳಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ಬಿಡಿಭಾಗಕ್ಕೆ ಚಿಂತೆ ಇರಲಿಲ್ಲ, ಈಗ ಹುಡುಕಬೇಕು. ಕುರ್ಲಾದ ಸಿಎಸ್‌ಟಿ ರಸ್ತೆ, ಆಪೆರಾ ಹೌಸ್ ಕಡೆಯ ಅಂಗಡಿಗಳು, ಚೋರ್ ಬಜಾರ್ ಸುತ್ತಿ. ಪುಣೆಗೆ ಹೋದರೆ ನಾನಾ ಪೇಠ್, ಬುಧವಾರ ಮತ್ತು ಭಾನುವಾರ ಸೇರುವ ಜೂನಾ ಬಜಾರ್. ಹಳೇ ಭಾಗವನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಹೆಸರು ಹೇಳಿ ಕೇಳಿದರೆ ತಪ್ಪು ಸಾಮಾನು ಬರುತ್ತದೆ. ರಬ್ಬರನ್ನು ಬಾಗಿಸಿ ನೋಡಿ, ಮಡಿಕೆಯಲ್ಲಿ ಸಣ್ಣ ಬಿರುಕು ಕಂಡರೆ ಬಿಟ್ಟುಬಿಡಿ. ಗಾಜಿನ ರಬ್ಬರ್, ಗ್ರಿಲ್, ಮೂಲೆ ಗಾಜಿನ ಚಿಲಕ ಸಿಕ್ಕಾಗ ಎರಡು ಜೊತೆ ತಗೊಂಡಿಡಿ.

ಮೊದಲ 500 ಕಿಲೋಮೀಟರ್

ಮೊದಲ ಸವಾರಿ ಕಾಂಪೌಂಡಿನೊಳಗೇ, ಬ್ರೇಕ್ ನೋಡಲು. ಎರಡನೆಯದು ಬೆಳಿಗ್ಗೆ ಆರಕ್ಕೆ, ವಾಪಸು ತಳ್ಳಿಕೊಂಡು ಬರಬಹುದಾದಷ್ಟು ದೂರ. ಬಂದ ಕೂಡಲೇ ನಾಲ್ಕೂ ಡ್ರಮ್ ಹತ್ತಿರ ಕೈ ಹಿಡಿದು ನೋಡಿ. ಒಂದು ಜಾಸ್ತಿ ಬಿಸಿ ಇದ್ದರೆ ಆ ಬ್ರೇಕ್ ಹಿಡಿದುಕೊಂಡಿದೆ. ಗಾಡಿ ಕೆಳಗೆ ರಾತ್ರಿ ಒಂದು ರಟ್ಟು ಹಾಸಿಡಿ, ಯಾವ ಎಣ್ಣೆ ಎಲ್ಲಿಂದ ಬೀಳುತ್ತದೆ ಅಂತ ಅದೇ ತೋರಿಸುತ್ತದೆ. ಚಕ್ರದ ನಟ್ಟು 50 ಕಿಲೋಮೀಟರಿಗೆ ಮತ್ತೆ ಬಿಗಿಸಿ. 500ಕ್ಕೆ ಎಂಜಿನ್ ಆಯಿಲ್ ಬದಲಿಸಿ, ಹೆಡ್ ಬೋಲ್ಟು, ವಾಲ್ವ್ ಸಂದು ಮತ್ತೆ ನೋಡಿ. ಕಾರ್ಬ್ಯುರೇಟರ್ ಬಟ್ಟಲನ್ನೂ ಇನ್ನೊಮ್ಮೆ ತೆಗೆದು ನೋಡಿ.

ನಮ್ಮದು ಐರೋಲಿ ಸೇತುವೆ ದಾಟಿ ಬಂದ ದಿನ ದೊಡ್ಡಮ್ಮ ಊರಿಂದ ಬಂದಿದ್ದರು. ಹಿಂದಿನ ಸೀಟಿನಲ್ಲಿ ಕೂತು, ಕಿಟಕಿ ಹಿಡಿ ತಿರುಗಿಸಿ ಗಾಜು ಇಳಿಸಿದರು. "ಇದು ಮೊದಲೂ ಹಿಂಗೇ ಅರ್ಧಕ್ಕೆ ನಿಲ್ತಿತ್ತು" ಅಂದರು. ಅದನ್ನು ನಾನು ರಿಪೇರಿ ಮಾಡಲು ಹೋಗಲಿಲ್ಲ.

ಈಗ ಮಳೆಗಾಲ ನಡೆಯುತ್ತಿದೆ. ಎಡ ಹಿಂಬಾಗಿಲ ತಳದಲ್ಲಿ, ಆವತ್ತು ಕೆರೆಯದೆ ಬಿಟ್ಟ ಆ ಒಂದು ಬಾಗಿಲಿನಲ್ಲಿ, ಎರಡು ಗುಳ್ಳೆ ಎದ್ದಿವೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ ತಾರೀಖು ಬರೆದಿದ್ದೇನೆ. ಅಕ್ಟೋಬರಿಗೆ ಕಾಯುತ್ತಿದ್ದೇನೆ.